ಸತ್ಯವಾದಿ–ಮಿಥ್ಯಾವಾದಿ ಸಮಸ್ಯೆಗಳಲ್ಲಿ ನಿಯಮವಾಕ್ಯದ ಸ್ಥಾನ

೧

ಒಂದು ದ್ವೀಪ, ಅದರಲ್ಲಿ ಎರಡೇ ಬಗೆಯ ಜನ. ಒಂದು ಬಗೆಯವರು ಆಡುವ ಮಾತೆಲ್ಲವೂ ನಿಜ. ಇನ್ನೊಂದು ಬಗೆಯವರು ಆಡುವ ಮಾತೆಲ್ಲವೂ ಸುಳ್ಳು. ಉಡುಗೆತೊಡುಗೆಗಳಿಂದಾಗಲಿ ಮುಖಭಾವದಿಂದಾಗಲಿ ಇವರನ್ನು ಬೇರ್ಪಡಿಸಿ ತಿಳಿಯುವುದು ಸಾಧ್ಯವಿಲ್ಲ. ಅಲ್ಲಿಗೆ ಹೋದ ಪರಸ್ಥಳದವನು ಅವರ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು ಯಾರು ಎಂಥವರೆಂಬುದನ್ನು ನಿರ್ಣಯಿಸಬೇಕು. ಪಾಶ್ಚಾತ್ಯ ತರ್ಕವಿನೋದಗಳಲ್ಲಿ ಪ್ರಸಿದ್ಧವಾಗಿರುವ ಸತ್ಯವಾದಿ–ಮಿಥ್ಯಾವಾದಿ ಸಮಸ್ಯೆಗಳ ಸ್ಥೂಲಸ್ವರೂಪವು ಇದು.

ಈ ಜಾತಿಯ ಸಮಸ್ಯೆಯೊಂದನ್ನು ಮುಂದೆ ತತ್ತ್ವಜ್ಞರೆಂದು ಖ್ಯಾತರಾದ ನೆಲ್ಸನ್ ಗುಡ್‌ಮನ್ನರು ೧೯೩೧ ರಲ್ಲಿ ಅಮೆರಿಕದ ‘ಬಾಸ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಬೆಳೆಯಿಸಿದವರು ರೇಮಂಡ್ ಸ್ಮಲ್ಯನ್ನರು (೧೯೧೯–೨೦೧೭). ‘ಈ ಪುಸ್ತಕದ ಹೆಸರೇನು?’ ಎಂಬ ವಿಚಿತ್ರ ನಾಮಧೇಯವುಳ್ಳ ಅವರ ಇಂಗ್ಲಿಷ್ ಗ್ರಂಥವು ೧೯೭೮ ರಲ್ಲಿ ಹೊರಬಂದಿತು. ೧೯೯೬ ರಲ್ಲಿ ಜಾರ್ಜ್ ಬೂಲೋಸರು ಸ್ಮಲ್ಯನ್ನರದೆಂದು ಹೇಳಿ ಮೂವರು ದೇವತೆಗಳ ಸಮಸ್ಯೆಯೊಂದನ್ನು ‘ಅತ್ಯಂತ ಕಠಿನವಾದ ತರ್ಕಸಮಸ್ಯೆ’ ಎಂಬ ಬಿರುದಿನೊಡನೆ ವಿವರಿಸಿದರು. ಈ ಮೂರೂ ಇಲ್ಲಿ ವಿಚಾರಕ್ಕೆ ವಿಷಯವಾಗಿವೆ. ಅವುಗಳಲ್ಲಿ ಸ್ಮಲ್ಯನ್ನರ ಗ್ರಂಥವೇ ಪ್ರಧಾನವು.

ಇವುಗಳ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಹುಟ್ಟುವುದುಂಟು. ಇವು ಮಕ್ಕಳ ಒಗಟುಗಳೇ ಹೊರತು ವಿದ್ವಾಂಸರು ತಲೆ ಹಾಕತಕ್ಕ ವಿಷಯವಲ್ಲವೆಂಬುದು ಒಂದು. ಇದೆಲ್ಲವೂ ಪ್ರಾಚೀನ ನ್ಯಾಯಗ್ರಂಥಗಳಲ್ಲಿಯೇ ಇರುವುದರಿಂದ ಹೊಸದಾಗಿ ಕಲಿಯತಕ್ಕದ್ದು ಏನೂ ಇಲ್ಲವೆಂಬುದು ಇನ್ನೊಂದು. ಮೊದಲನೆಯದು ಅನಾದರದಿಂದ ಹುಟ್ಟಿದ್ದು. ಎರಡನೆಯದು ಅತ್ಯಾದರದಿಂದ ಹುಟ್ಟಿದ್ದು. ಎರಡೂ ಗ್ರಂಥವನ್ನು ಓದದೆಯೇ ಹೇಳಬಹುದಾದ ಮಾತುಗಳಾದುದರಿಂದ ಎರಡಕ್ಕೂ ಸಮಾನವಾದ ದೋಷವೊಂದುಂಟು.

ಸಿದ್ಧಾಂತವೇನೆಂದರೆ: ಇಂಥ ಸಮಸ್ಯೆಯ ಪರಿಹಾರಕ್ಕೆ ಎರಡು ಅಂಗಗಳಿವೆ. ದ್ವೀಪದವರ ಸ್ವಭಾವವನ್ನು ಮೊದಲೇ ತಿಳಿಸುವ ನಿಯಮವಾಕ್ಯವು ಒಂದು. ಅದನ್ನು ಹಿಡಿದು ನಡೆಯುವ ತರ್ಕವು ಇನ್ನೊಂದು. ಬಿಡಿಸಲು ಕಲಿಸುವವರು ಸಾಮಾನ್ಯವಾಗಿ ಎರಡನೆಯದನ್ನೇ ಕಲಿಸುತ್ತಾರೆ. ಆದರೆ ತರ್ಕವು ನಿಂತಿರುವುದು ನಿಯಮವಾಕ್ಯದ ಮೇಲೆ. ಆ ವಾಕ್ಯವಿಲ್ಲದ ಕಡೆ ಎಷ್ಟು ಶುದ್ಧವಾದ ತರ್ಕವೂ ಬರಿಗೈಯಲ್ಲಿ ಹಿಂದಿರುಗುವುದು. ಸ್ಮಲ್ಯನ್ನರ ಗ್ರಂಥದ ನಿಜವಾದ ಪ್ರಯೋಜನವು ಇದನ್ನು ತೋರಿಸಿಕೊಟ್ಟಿರುವುದರಲ್ಲಿದೆ.

೨

ಮೊದಲು ತರ್ಕದ ನಡೆ. ಗುಡ್‌ಮನ್ನರ ಸಮಸ್ಯೆಯಲ್ಲಿ ಸತ್ಯವನ್ನೇ ಹೇಳುವ ಕುಲೀನರು, ಸುಳ್ಳನ್ನೇ ಹೇಳುವ ಬೇಟೆಗಾರರು ಎಂದು ಎರಡು ಪಂಗಡ. ಮೂವರು ಸೇರಿರುವಾಗ ಮೊದಲನೆಯವನು ತಾನು ಯಾವ ಪಂಗಡದವನೆಂಬುದನ್ನು ಹೇಳುತ್ತಾನೆ. ಅವನು ಹೇಳಿದ್ದು ಏನೆಂಬುದನ್ನು ಓದುವವನಿಗೆ ತಿಳಿಸಿಲ್ಲ. ಎರಡನೆಯವನು, ‘ತಾನು ಬೇಟೆಗಾರನೆಂದು ಅವನು ಹೇಳಿದನು’ ಎಂದು ತಿಳಿಸಿ, ಮೂರನೆಯವನೂ ಬೇಟೆಗಾರನೆಂದು ಸೇರಿಸುತ್ತಾನೆ. ಮೂರನೆಯವನು ಮೊದಲನೆಯವನನ್ನು ಕುಲೀನನೆನ್ನುತ್ತಾನೆ. ಇವರಲ್ಲಿ ಯಾರು ಯಾರು?

ಇಲ್ಲಿ ಕೀಲು ಒಂದೇ. ‘ನಾನು ಸುಳ್ಳುಗಾರನು’ ಎಂಬ ಮಾತನ್ನು ಆ ದೇಶದಲ್ಲಿ ಯಾರೂ ಆಡಲಾರರು. ಸತ್ಯವಾದಿಯು ಆಡಿದರೆ ಅದು ಸುಳ್ಳಾಗುವುದು. ಮಿಥ್ಯಾವಾದಿಯು ಆಡಿದರೆ ಅದು ನಿಜವಾಗುವುದು. ಆದುದರಿಂದ ಮೊದಲನೆಯವನು ಆ ಮಾತನ್ನು ಹೇಳಿರಲಾರನು. ಹೇಳಿದನೆಂದ ಎರಡನೆಯವನು ಮಿಥ್ಯಾವಾದಿ. ಅವನು ಬೇಟೆಗಾರನೆಂದು ಕರೆದ ಮೂರನೆಯವನು ಸತ್ಯವಾದಿ. ಮೂರನೆಯವನ ಮಾತಿನಿಂದ ಮೊದಲನೆಯವನೂ ಸತ್ಯವಾದಿಯೇ ಆದನು. ಕೇಳಿಸದೆ ಉಳಿದ ಮಾತೇ ಇಲ್ಲಿ ನಿರ್ಣಯಕ್ಕೆ ಬೀಜವಾಯಿತೆಂಬುದು ಈ ಸಮಸ್ಯೆಯ ಸೊಗಸು.

ಈ ವಿಚಾರಕ್ರಮವನ್ನು ನ್ಯಾಯಶಾಸ್ತ್ರವನ್ನು ಓದಿದವರು ತರ್ಕವೆಂದು ಗುರುತಿಸುವರು. ಹೊಗೆಯುಳ್ಳ ಬೆಟ್ಟದಲ್ಲಿ ಬೆಂಕಿಯಿಲ್ಲವೆಂದು ಬೇಕೆಂದೇ ಭಾವಿಸಿ, ಹಾಗಾದರೆ ಹೊಗೆಯೂ ಇರಕೂಡದಷ್ಟೆ ಎಂದು ಅನಿಷ್ಟವನ್ನು ತೋರಿಸುವುದು ತರ್ಕದ ದಾರಿ. ‘ಇವನು ಸತ್ಯವಾದಿಯೆಂದು ಇಟ್ಟುಕೊಳ್ಳೋಣ’ ಎಂಬಲ್ಲಿಯೂ ನಡೆಯುವುದು ಇದೇ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ತರ್ಕವನ್ನು ಸಂಶಯವಿಪರ್ಯಯಗಳ ಜೊತೆಯಲ್ಲಿ ಅಯಥಾರ್ಥಾನುಭವದ ಪಂಕ್ತಿಗೆ ಸೇರಿಸಿರುವುದು ಮೊದಲು ಓದುವ ವಿದ್ಯಾರ್ಥಿಗೆ ಆಶ್ಚರ್ಯವನ್ನುಂಟುಮಾಡುವುದು. ಆದರೆ ಅದರಲ್ಲಿ ಔಚಿತ್ಯವುಂಟು. ತರ್ಕವು ಇಲ್ಲದ್ದನ್ನು ಇದೆಯೆಂದು ತಿಳಿದೂ ತಿಳಿದೂ ಆರೋಪಿಸುವುದರಿಂದ ತಾನಾಗಿ ಪ್ರಮಾಣವಾಗಲಾರದು. ಪ್ರಮಾಣಕ್ಕೆ ಅಡ್ಡಿಯಾದ ಶಂಕೆಯನ್ನು ತೆಗೆದುಹಾಕುವುದೇ ಅದರ ಕೆಲಸ.

ಹಾಗಾದರೆ ಈ ಸಮಸ್ಯೆಗಳಲ್ಲಿ ಕೊನೆಯ ನಿಶ್ಚಯವು ಎಲ್ಲಿಂದ ಬರುವುದು? ಪರಿಶೇಷದಿಂದ. ಎರಡರಲ್ಲಿ ಒಂದು ಅಸಂಭವವೆಂದಾದರೆ ಉಳಿದದ್ದು ನಿಶ್ಚಿತವಾಗುವುದು. ವಾತ್ಸ್ಯಾಯನನು ಶೇಷವತ್ ಎಂಬ ಅನುಮಾನಕ್ಕೆ ಕೊಡುವ ವಿವರಣೆಗಳಲ್ಲಿ ಇದೊಂದು. ಆದರೆ ಪರಿಶೇಷವು ಸಿದ್ಧಿಸಬೇಕಾದರೆ ಪಕ್ಷಗಳು ಎರಡೇ, ಮೂರನೆಯದಿಲ್ಲವೆಂಬುದು ಮೊದಲೇ ಗೊತ್ತಿರಬೇಕು. ‘ಇಲ್ಲಿರುವವರು ಎರಡೇ ಬಗೆ, ಪ್ರತಿಯೊಬ್ಬನೂ ಪ್ರತಿ ಮಾತಿನಲ್ಲಿಯೂ ತನ್ನ ಬಗೆಯನ್ನು ಬಿಡನು’ ಎಂಬುದು ತರ್ಕದಿಂದ ದೊರೆತದ್ದಲ್ಲ. ಸಮಸ್ಯೆಯನ್ನು ಹೇಳಿದವನ ಬಾಯಿಂದ ದೊರೆತದ್ದು. ಅಂದರೆ ಅದು ಶಬ್ದಪ್ರಮಾಣದಿಂದ ಬಂದದ್ದು. ಸುಳ್ಳರ ನಡುವೆ ನಿಂತು ಬಿಡಿಸಬೇಕಾದ ಈ ಸಮಸ್ಯೆಗಳಲ್ಲಿ, ದ್ವೀಪದ ಹೊರಗೆ ನಿಂತು ನಿಯಮವನ್ನು ಹೇಳುವ ಒಬ್ಬನನ್ನು ಮಾತ್ರ ಪ್ರಶ್ನೆಯಿಲ್ಲದೆ ನಂಬಬೇಕಾಗಿದೆ.

ತರ್ಕವು ತನಗೆ ಸಲ್ಲತಕ್ಕದ್ದಕ್ಕಿಂತ ಹೆಚ್ಚನ್ನು ಕೊಡಲಾರದೆಂಬುದಕ್ಕೆ ಒಂದು ಉದಾಹರಣೆ. ಕ ಎಂಬವನು ಖನನ್ನು ತೋರಿಸಿ, ‘ನಾವಿಬ್ಬರೂ ಒಂದೇ ಬಗೆಯವರು’ ಎನ್ನುತ್ತಾನೆ. ಕನು ಸತ್ಯವಾದಿಯಾದರೆ ಖನೂ ಸತ್ಯವಾದಿ. ಕನು ಮಿಥ್ಯಾವಾದಿಯಾದರೆ ಇಬ್ಬರೂ ಬೇರೆ ಬೇರೆ ಬಗೆಯವರಾಗಬೇಕಾದುದರಿಂದ ಆಗಲೂ ಖನು ಸತ್ಯವಾದಿಯೇ. ಹೀಗೆ ಮಾತನಾಡದ ಖನ ಸ್ವಭಾವವು ತಿಳಿಯಿತು. ಮಾತನಾಡಿದ ಕನದು ತಿಳಿಯಲಿಲ್ಲ, ತಿಳಿಯುವಂತೆಯೂ ಇಲ್ಲ. ‘ಇಷ್ಟು ಗೊತ್ತಾಯಿತು, ಇಷ್ಟು ಗೊತ್ತಾಗಲಾರದು’ ಎಂದು ಎರಡನ್ನೂ ಹೇಳಿ ನಿಲ್ಲಿಸುವ ವಿದ್ಯಾರ್ಥಿಯೇ ಸಮಸ್ಯೆಯನ್ನು ಬಿಡಿಸಿದವನು. ಕನ ವಿಷಯದಲ್ಲಿ ಊಹೆ ಮಾಡಿ ಪೂರ್ಣಗೊಳಿಸಿದವನಲ್ಲ.

೩

ಬಿಡಿಸುವವರು ಎಡವುವ ಇನ್ನೊಂದು ಸ್ಥಳವೆಂದರೆ ನಿಷೇಧ. ಮಿಥ್ಯಾವಾದಿಯ ಮಾತನ್ನು ತಿರುಗಿಸಿದರೆ ನಿಜವು ದೊರೆಯುವುದೆಂಬುದು ಸರಿಯೆ, ಆದರೆ ತಿರುಗಿಸುವುದೆಂದರೇನು? ‘ಎಲ್ಲರೂ ಬಂದರು’ ಎಂಬುದು ಸುಳ್ಳಾದರೆ ‘ಯಾರೂ ಬರಲಿಲ್ಲ’ ಎಂದು ಸಿದ್ಧಿಸಲಿಲ್ಲ. ಒಬ್ಬನಾದರೂ ಬರಲಿಲ್ಲವೆಂದಷ್ಟೇ ಸಿದ್ಧಿಸಿತು. ವೈಯಾಕರಣರೂ ಮೀಮಾಂಸಕರೂ ನಞರ್ಥವನ್ನು ವಿಚಾರಿಸುವಾಗ ಪರ್ಯುದಾಸವೆಂದೂ ಪ್ರಸಜ್ಯಪ್ರತಿಷೇಧವೆಂದೂ ಮಾಡುವ ವಿಭಾಗವು ಇಲ್ಲಿ ನೆನಪಿಗೆ ಬರತಕ್ಕದ್ದು. ಅದರಿಂದ ಬೇರೆಯಾದ ಇನ್ನೊಂದನ್ನು ಹೇಳುವುದು ಬೇರೆ. ಅದು ಇಲ್ಲವೆಂದು ಮಾತ್ರ ಹೇಳಿ ನಿಲ್ಲುವುದು ಬೇರೆ. ಸುಳ್ಳನ್ನು ತಿರುಗಿಸುವಾಗ ಎರಡನೆಯದೇ ಗ್ರಾಹ್ಯವು.

ಉದಾಹರಣೆಗೆ ಮೂವರಿರುವಾಗ ಕನು, ‘ನಾವು ಮೂವರೂ ಮಿಥ್ಯಾವಾದಿಗಳು’ ಎಂದನು. ಖನು, ‘ನಮ್ಮಲ್ಲಿ ಮಿಥ್ಯಾವಾದಿಯು ಒಬ್ಬನೇ’ ಎಂದನು. ಗನು, ‘ಖನು ಹೇಳಿದ್ದು ಸುಳ್ಳು’ ಎಂದನು. ಕನ ಮಾತನ್ನು ಸತ್ಯವಾದಿಯು ಆಡಲಾರನಾದುದರಿಂದ ಕನು ಮಿಥ್ಯಾವಾದಿ. ಇಲ್ಲಿ ಅವಸರಪಡುವ ವಿದ್ಯಾರ್ಥಿಯು ಕನ ಮಾತನ್ನು ಪೂರ್ತಿ ತಲೆಕೆಳಗು ಮಾಡಿ ‘ಮೂವರೂ ಸತ್ಯವಾದಿಗಳು’ ಎಂದು ತೆಗೆದುಕೊಂಡು, ಕನೇ ಸುಳ್ಳನಾಗಿರುವುದನ್ನು ಕಂಡು, ಸಮಸ್ಯೆಯೇ ತಪ್ಪೆಂದು ದೂರುವನು. ಸಿದ್ಧಿಸಿದ್ದು ಒಬ್ಬ ಸತ್ಯವಾದಿಯಾದರೂ ಇದ್ದಾನೆಂಬುದು ಮಾತ್ರ. ಈಗ ಖನು ಸತ್ಯವಾದಿಯೆಂದು ಭಾವಿಸಿದರೆ ಮಿಥ್ಯಾವಾದಿಯು ಕನೊಬ್ಬನೇ ಆಗಿ ಗನೂ ಸತ್ಯವಾದಿಯಾಗಬೇಕು. ಆದರೆ ಗನು ಖನ ಮಾತನ್ನು ಸುಳ್ಳೆನ್ನುತ್ತಿದ್ದಾನೆ. ಇದು ವಿರುದ್ಧವಾದುದರಿಂದ ಖನು ಮಿಥ್ಯಾವಾದಿ, ಗನು ಸತ್ಯವಾದಿ. ಮಿಥ್ಯಾವಾದಿಗಳು ಇಬ್ಬರಾದುದರಿಂದ ಖನ ಮಾತು ಸುಳ್ಳೇ ಆಯಿತು; ಎಲ್ಲವೂ ಹೊಂದಿಕೊಂಡಿತು. ಈ ಕೊನೆಯ ಹೊಂದಾಣಿಕೆಯನ್ನು ನೋಡಿಕೊಳ್ಳುವುದೂ ಪರಿಹಾರದ ಅಂಗವೇ. ಉಳಿದ ಪಕ್ಷಗಳು ಬಿದ್ದುಹೋದ ಮಾತ್ರಕ್ಕೆ ನಿಂತ ಪಕ್ಷವು ನಿರ್ದುಷ್ಟವೆಂದು ಹೇಳಲಾಗದು. ಅದೂ ಬೀಳುವಂತಿದ್ದರೆ ಸಮಸ್ಯೆಯೇ ಅಸಂಗತವು.

೪

ಇಷ್ಟರವರೆಗೆ ತರ್ಕವು ಗೆದ್ದಿತು. ಅದು ಸೋತ ಕಥೆಯೊಂದನ್ನು ಸ್ಮಲ್ಯನ್ನರೇ ಹೇಳುತ್ತಾರೆ. ಷೇಕ್ಸ್‌ಪಿಯರ್ ಮಹಾಕವಿಯ ವೆನಿಸ್ಸಿನ ವರ್ತಕನ ನಾಟಕದಲ್ಲಿ ಪೋರ್ಷಿಯಳನ್ನು ವರಿಸಬಂದವರು ಚಿನ್ನ, ಬೆಳ್ಳಿ, ಸೀಸಗಳ ಮೂರು ಪೆಟ್ಟಿಗೆಗಳಲ್ಲಿ ಅವಳ ಚಿತ್ರವಿರುವುದನ್ನು ಆರಿಸಬೇಕಾಗಿದ್ದುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದೇ ಇದೆ. ಸ್ಮಲ್ಯನ್ನರು ಆ ಪೆಟ್ಟಿಗೆಗಳ ಮೇಲೆ ಬರೆಹಗಳನ್ನು ಬರೆಯಿಸಿ ಅನೇಕ ಸಮಸ್ಯೆಗಳನ್ನು ಕಟ್ಟಿದ್ದಾರೆ. ಅವುಗಳಲ್ಲೊಂದರಲ್ಲಿ ಚಿನ್ನದ್ದೂ ಬೆಳ್ಳಿಯದೂ ಎರಡೇ ಪೆಟ್ಟಿಗೆ. ಚಿತ್ರವು ಇದರಲ್ಲಿಲ್ಲವೆಂದು ಚಿನ್ನದ ಪೆಟ್ಟಿಗೆಯ ಮೇಲೆ ಬರೆದಿದೆ; ಈ ಎರಡು ಬರೆಹಗಳಲ್ಲಿ ಒಂದು ಮಾತ್ರವೇ ನಿಜವೆಂದು ಬೆಳ್ಳಿಯದರ ಮೇಲೆ ಬರೆದಿದೆ.

ವರನು ಹೀಗೆ ವಿಚಾರಿಸಿದನು. ಬೆಳ್ಳಿಯ ಬರೆಹವು ನಿಜವಾದರೆ ನಿಜವಾದದ್ದು ಒಂದೇ ಆದುದರಿಂದ ಚಿನ್ನದ ಬರೆಹವು ಸುಳ್ಳು. ಬೆಳ್ಳಿಯ ಬರೆಹವು ಸುಳ್ಳಾದರೆ, ಆಗ ಚಿನ್ನದ್ದು ನಿಜವಾಗಿದ್ದ ಪಕ್ಷದಲ್ಲಿ ನಿಜವಾದದ್ದು ಒಂದೇ ಆಗಿ ಬೆಳ್ಳಿಯದೂ ನಿಜವಾಗಿಬಿಡುವುದು. ಆದುದರಿಂದ ಆಗಲೂ ಚಿನ್ನದ ಬರೆಹವು ಸುಳ್ಳು. ಎರಡು ಪಕ್ಷಗಳಲ್ಲಿಯೂ ಚಿನ್ನದ ಬರೆಹವು ಸುಳ್ಳಾದುದರಿಂದ ಚಿತ್ರವು ಚಿನ್ನದ ಪೆಟ್ಟಿಗೆಯಲ್ಲಿಯೇ ಇರಬೇಕು. ಹೀಗೆ ನಿಶ್ಚಯಿಸಿ ತೆರೆದನು. ಪೆಟ್ಟಿಗೆಯು ಬರಿದಾಗಿತ್ತು. ಚಿತ್ರವು ಬೆಳ್ಳಿಯದರಲ್ಲಿತ್ತು.

ತರ್ಕದಲ್ಲಿ ತಪ್ಪೆಲ್ಲಿ? ಹುಡುಕಿದರೆ ಒಂದು ಹೆಜ್ಜೆಯೂ ಜಾರಿದಂತೆ ಕಾಣದು. ತಪ್ಪಿರುವುದು ಮೊದಲನೆಯ ಹೆಜ್ಜೆಗೂ ಹಿಂದೆ. ಪ್ರತಿಯೊಂದು ಬರೆಹವೂ ನಿಜ ಅಥವಾ ಸುಳ್ಳು ಆಗಿಯೇ ಇರಬೇಕೆಂದು ಅವನಿಗೆ ಹೇಳಿದವರು ಯಾರು? ಪೋರ್ಷಿಯಳು ಆ ವಿಷಯದಲ್ಲಿ ಮಾತೇ ಆಡಿರಲಿಲ್ಲ. ಪೆಟ್ಟಿಗೆಯ ಮೇಲೆ ಯಾರು ಏನನ್ನು ಬೇಕಾದರೂ ಬರೆಯಬಹುದು. ಬರೆದ ಮಾತ್ರಕ್ಕೆ ಚಿತ್ರವು ಸ್ಥಳವನ್ನು ಬದಲಾಯಿಸುವುದಿಲ್ಲ. ಚಿತ್ರವು ಬೆಳ್ಳಿಯದರಲ್ಲಿರುವಾಗ ಬೆಳ್ಳಿಯ ಬರೆಹವನ್ನು ನಿಜವೆಂದರೆ ಎರಡೂ ನಿಜವಾಗಿ ಅದು ಸುಳ್ಳಾಗುವುದು. ಸುಳ್ಳೆಂದರೆ ಚಿನ್ನದ್ದೊಂದೇ ನಿಜವಾಗಿ ಇದೂ ನಿಜವಾಗುವುದು. ಅದು ನಿಜವೂ ಆಗದೆ ಸುಳ್ಳೂ ಆಗದೆ ತೂಗಾಡುವ ಮಾತು. ವರನು ಅದಕ್ಕೆ ಎರಡರಲ್ಲೊಂದು ಸ್ವಭಾವವನ್ನು ತಾನಾಗಿಯೇ ಕೊಟ್ಟುಕೊಂಡನು. ದ್ವೀಪದ ನಿಯಮವಾಕ್ಯವನ್ನು ಆ ನಿಯಮವಿಲ್ಲದ ಊರಿಗೆ ಹೊತ್ತುಕೊಂಡು ಹೋದದ್ದೇ ಅವನ ಅಪರಾಧ.

ಪ್ರಾಚೀನರು ಈ ತೂಗಾಡುವ ಮಾತನ್ನು ಅರಿಯದವರಲ್ಲ. ಗ್ರೀಕರಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಯೂಬ್ಯುಲಿಡೀಸನ ಹೆಸರಿನಲ್ಲಿ ಇದು ಪ್ರಸಿದ್ಧವಾಗಿದೆ. ಭರ್ತೃಹರಿಯು ವಾಕ್ಯಪದೀಯದ ಮೂರನೆಯ ಕಾಂಡದ ಸಂಬಂಧಸಮುದ್ದೇಶದಲ್ಲಿ, ತಾನು ಹೇಳುವುದೆಲ್ಲವೂ ಸುಳ್ಳೆಂದು ಒಬ್ಬನು ಹೇಳಿದರೆ ಏನಾಗುವುದೆಂಬುದನ್ನು ಎತ್ತಿಕೊಂಡು, ಆ ‘ಎಲ್ಲ’ದೊಳಗೆ ಆ ವಾಕ್ಯವನ್ನೇ ಸೇರಿಸಬೇಕೆಂಬ ವಿವಕ್ಷೆಯು ಅಲ್ಲಿಲ್ಲವೆಂದು ಸಮಾಧಾನ ಹೇಳುತ್ತಾನೆ. ತನ್ನ ಮಾತನ್ನೂ ಸುಳ್ಳೆಂದುಕೊಂಡರೆ ಹೇಳಬೇಕೆಂದು ಹೊರಟ ಅರ್ಥವೇ ಕೈಗೆ ಸಿಕ್ಕದೆ ಹೋಗುವುದು. ಇಪ್ಪತ್ತನೆಯ ಶತಮಾನದಲ್ಲಿ ಪೋಲೆಂಡಿನ ಆಲ್ಫ್ರೆಡ್ ತಾರ್ಸ್ಕಿಯವರು ಒಂದು ಭಾಷೆಯ ವಾಕ್ಯಗಳ ಸತ್ಯಾಸತ್ಯವನ್ನು ಅದಕ್ಕಿಂತ ಮೇಲಿನ ಇನ್ನೊಂದು ಭಾಷೆಯಲ್ಲಿಯೇ ಹೇಳತಕ್ಕದ್ದೆಂದು ವ್ಯವಸ್ಥೆ ಮಾಡಿದರು.

ಇವೆರಡೂ ಒಂದೇ ಎಂದು ಹೆಮ್ಮೆಪಡುವುದು ಸುಲಭ; ಆದರೆ ವಿಮರ್ಶೆಗೆ ಅದು ನಿಲ್ಲದು. ಭರ್ತೃಹರಿಯ ಸಮಾಧಾನವು ವಕ್ತೃವಿನ ವಿವಕ್ಷೆಯನ್ನು ಆಶ್ರಯಿಸಿದೆ. ತಾರ್ಸ್ಕಿಯವರದು ಭಾಷೆಗಳ ಅಂತಸ್ತನ್ನು ಆಶ್ರಯಿಸಿದೆ, ಅಲ್ಲಿ ವಕ್ತೃವಿನ ಮನಸ್ಸಿಗೆ ಸ್ಥಾನವೇ ಇಲ್ಲ. ಅಲ್ಲದೆ ‘ಎಲ್ಲ’ ಎಂಬ ಮಾತನ್ನು ಸಂಕೋಚ ಮಾಡಿಕೊಳ್ಳಬಹುದು. ‘ಈ ಎರಡು ಬರೆಹಗಳಲ್ಲಿ’ ಎಂದು ಬೆರಳಿಟ್ಟು ತೋರಿಸುವ ಬೆಳ್ಳಿಯ ಬರೆಹದಲ್ಲಿ ಅಂಥ ಸಂಕೋಚಕ್ಕೆ ಎಡೆಯೆಲ್ಲಿ? ಆದುದರಿಂದ ಭರ್ತೃಹರಿಯ ಉತ್ತರವು ಅವನು ಎತ್ತಿದ ಪ್ರಶ್ನೆಗೆ ಸಾಕಾದದ್ದು, ಪೋರ್ಷಿಯಳ ಪೆಟ್ಟಿಗೆಯವರೆಗೆ ತಲುಪುವುದಿಲ್ಲವೆಂದು ಒಪ್ಪಿಕೊಳ್ಳುವುದೇ ನ್ಯಾಯವು. ಹೀಗೆ ಒಪ್ಪಿಕೊಳ್ಳುವುದರಿಂದ ಭರ್ತೃಹರಿಗೆ ಕೊರತೆಯಿಲ್ಲ. ಮಾತಿನ ಸತ್ಯಾಸತ್ಯವನ್ನು ಕೇಳುವುದಕ್ಕೆ ಮೊದಲು ಅದನ್ನು ಆಡಿದವನ ವಿವಕ್ಷೆಯೇನೆಂದು ಕೇಳಬೇಕೆಂಬ ಅವನ ದಾರಿಯು, ವರನು ಮರೆತ ಪ್ರಶ್ನೆಯನ್ನೇ ಎತ್ತಿ ತೋರಿಸುತ್ತದೆ.

೫

ನಿಯಮವಾಕ್ಯಕ್ಕೆ ಇಷ್ಟು ಪ್ರಾಧಾನ್ಯವಿದ್ದರೆ ಮಿಥ್ಯಾವಾದಿಯ ಸ್ಥಾನವೇನು? ಇಲ್ಲಿ ಲೋಕದ ಭಾವನೆಯು ತಲೆಕೆಳಗಾಗುವುದು. ಕವಲುದಾರಿಯಲ್ಲಿ ದ್ವೀಪದವನೊಬ್ಬನು ನಿಂತಿದ್ದಾನೆ. ಅವನು ಯಾವ ಬಗೆಯೆಂದು ತಿಳಿಯದು. ಒಂದೇ ಪ್ರಶ್ನೆಯಿಂದ ಊರಿನ ದಾರಿಯನ್ನು ತಿಳಿಯಬೇಕು. ‘ಎಡದ ದಾರಿಯು ಊರಿಗೆ ಹೋಗುವುದೆ ಎಂದು ನಿನ್ನನ್ನು ಕೇಳಿದ್ದರೆ ಹೌದೆನ್ನುತ್ತಿದ್ದೆಯಾ?’ ಎಂದು ಕೇಳುವುದು ಪ್ರಸಿದ್ಧವಾದ ಪರಿಹಾರ. ಎಡದ ದಾರಿಯೇ ಸರಿಯಾಗಿದ್ದರೆ ಸತ್ಯವಾದಿಯು ಹೌದೆನ್ನುವನು. ಮಿಥ್ಯಾವಾದಿಯು ನೇರವಾದ ಪ್ರಶ್ನೆಗೆ ‘ಇಲ್ಲ’ ಎನ್ನುತ್ತಿದ್ದನಾದುದರಿಂದ, ಅದನ್ನೂ ಸುಳ್ಳಾಗಿ ಹೇಳಿ ‘ಹೌದು’ ಎನ್ನುವನು. ಸುಳ್ಳಿನ ಮೇಲೆ ಸುಳ್ಳು ಬಿದ್ದು ನಿಜವು ಹೊರಬಂದಿತು. ಯಾವಾಗಲೂ ಒಂದೇ ಅಳತೆಯಲ್ಲಿ ತಪ್ಪುವ ತಕ್ಕಡಿಯಿಂದ ಸರಿಯಾದ ತೂಕವನ್ನು ಲೆಕ್ಕ ಹಾಕಿಕೊಳ್ಳಬಹುದು; ಒಂದು ಸಾರಿ ಸರಿಯಾಗಿ ಒಂದು ಸಾರಿ ತಪ್ಪಾಗಿ ತೂಗುವ ತಕ್ಕಡಿಯಿಂದ ಮಾತ್ರ ಏನೂ ಸಾಧ್ಯವಿಲ್ಲ.

ಈ ಪ್ರಶ್ನೆಯನ್ನು ಹೇಳಿಕೊಡುವವರು ಒಂದು ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು: ನಿಂತವನಿಗೆ ದಾರಿಯು ಗೊತ್ತಿರಬೇಕು. ತಪ್ಪದೆ ಸುಳ್ಳು ಹೇಳಬೇಕಾದರೂ ನಿಜವು ತಪ್ಪದೆ ತಿಳಿದಿರಬೇಕಷ್ಟೆ. ದ್ವೀಪದ ಮಿಥ್ಯಾವಾದಿಯು ಜ್ಞಾನದಲ್ಲಿ ಸತ್ಯವಾದಿಗೆ ಸಮಾನನು. ವಕ್ತೃವಿನ ದೋಷಗಳನ್ನು ಎಣಿಸುವಾಗ ಭ್ರಮ, ಪ್ರಮಾದ, ವಿಪ್ರಲಿಪ್ಸೆ ಎಂದು ಶಾಸ್ತ್ರಗಳಲ್ಲಿ ಬಿಡಿಸಿ ಹೇಳುವ ರೂಢಿಯುಂಟು. ತಪ್ಪು ತಿಳಿವಳಿಕೆಯು ಭ್ರಮ, ಅಜಾಗರೂಕತೆಯು ಪ್ರಮಾದ, ವಂಚಿಸುವ ಇಚ್ಛೆಯು ವಿಪ್ರಲಿಪ್ಸೆ. ದ್ವೀಪದಲ್ಲಿ ಕಡೆಯದೊಂದೇ ಇದೆ.

ಸ್ಮಲ್ಯನ್ನರು ಈ ವಿಭಾಗವನ್ನು ತಮ್ಮದೇ ದಾರಿಯಿಂದ ಕಂಡುಕೊಂಡಿರುವುದು ಶ್ಲಾಘ್ಯವಾದ ಸಂಗತಿ. ಅದೇ ಗ್ರಂಥದ ಟ್ರಾನ್ಸಿಲ್ವೇನಿಯ ಪ್ರಕರಣದಲ್ಲಿ ಮನುಷ್ಯರು ತಾವು ನಂಬಿದ್ದನ್ನು ಹೇಳುವರು, ರಕ್ತಪಿಶಾಚಿಗಳು ತಾವು ನಂಬಿದ್ದಕ್ಕೆ ವಿರುದ್ಧವಾದದ್ದನ್ನು ಹೇಳುವುವು. ಎರಡು ಕುಲಗಳಲ್ಲಿಯೂ ಬುದ್ಧಿ ನೆಟ್ಟಗಿರುವವರೂ, ಇರುವುದನ್ನೆಲ್ಲ ತಪ್ಪಾಗಿಯೇ ನಂಬುವ ಹುಚ್ಚರೂ ಉಂಟು. ಹುಚ್ಚು ಮನುಷ್ಯನು ವಂಚನೆಯಿಲ್ಲದೆ ಸುಳ್ಳಾಡುವನು. ಹುಚ್ಚು ಪಿಶಾಚಿಯಾದರೋ ತಪ್ಪಾಗಿ ತಿಳಿದು, ತಿಳಿದದ್ದನ್ನು ಮರೆಮಾಡಲು ಹೋಗಿ ನಿಜವನ್ನೇ ಆಡಿಬಿಡುವುದು. ಭ್ರಮವಿಪ್ರಲಿಪ್ಸೆಗಳೆರಡೂ ಸೇರಿದ ಕಡೆ ವಾಕ್ಯವು ಯಥಾರ್ಥವಾಗುವುದೆಂಬ ಈ ವಿಚಿತ್ರಫಲವನ್ನು ದೋಷಗಳನ್ನು ಎಣಿಸಿದ ಮಾತ್ರದಿಂದ ಕಾಣಲಾಗದು. ಅವುಗಳನ್ನು ಒಂದರ ಮೇಲೊಂದಿಟ್ಟು ಲೆಕ್ಕ ಮಾಡಿದವರಿಗೆ ಮಾತ್ರ ಕಂಡೀತು. ಎಲ್ಲವೂ ಮೊದಲೇ ಇತ್ತೆನ್ನುವ ಪೂರ್ವಪಕ್ಷಕ್ಕೆ ಇದೇ ಉತ್ತರವು.

ಉಳಿದದ್ದು ಪ್ರಮಾದ, ಅದೇ ನಿಜವಾದ ತೊಡಕು. ಸತ್ಯವನ್ನೂ ಸುಳ್ಳನ್ನೂ ಇಷ್ಟಬಂದಂತೆ ಆಡುವ ಸಾಧಾರಣರನ್ನು ಸ್ಮಲ್ಯನ್ನರು ದ್ವೀಪಕ್ಕೆ ಕರೆತಂದೊಡನೆ ಸಮಸ್ಯೆಗಳು ಬಿಗಿಯಾಗುತ್ತವೆ. ಒಬ್ಬ ಸತ್ಯವಾದಿ, ಒಬ್ಬ ಮಿಥ್ಯಾವಾದಿ, ಒಬ್ಬ ಸಾಧಾರಣ ಇರುವ ಕಡೆ ಕನು, ‘ನಾನು ಸತ್ಯವಾದಿಯಲ್ಲ’ ಎಂದನು. ಖನು, ‘ಕನು ಸಾಧಾರಣನು’ ಎಂದನು. ಕನ ಮಾತು ಸತ್ಯವಾದಿಯ ಬಾಯಲ್ಲಿ ಸುಳ್ಳಾಗುವುದು, ಮಿಥ್ಯಾವಾದಿಯ ಬಾಯಲ್ಲಿ ನಿಜವಾಗುವುದು. ಆದುದರಿಂದ ಕನೇ ಸಾಧಾರಣನು, ಹಾಗೆಂದ ಖನು ಸತ್ಯವಾದಿ, ಗನು ಮಿಥ್ಯಾವಾದಿ. ಇಲ್ಲಿ ಸಾಧಾರಣನು ಸಿಕ್ಕಿಬಿದ್ದದ್ದು ಉಳಿದಿಬ್ಬರೂ ಆಡಲಾರದ ಮಾತನ್ನು ಆಡಿದ್ದರಿಂದ ಮಾತ್ರ. ಬಾಯಿ ಬಿಗಿಹಿಡಿದಿದ್ದರೆ ಅವನನ್ನು ಹಿಡಿಯುವುದು ಸುಲಭವಾಗಿರಲಿಲ್ಲ.

ಬೂಲೋಸರ ಮೂವರು ದೇವತೆಗಳಲ್ಲಿಯೂ ಒಬ್ಬನು ಸತ್ಯವನ್ನೇ, ಒಬ್ಬನು ಸುಳ್ಳನ್ನೇ ಹೇಳುವನು. ಇನ್ನೊಬ್ಬನು ಮನಸ್ಸಿನಲ್ಲಿಯೇ ನಾಣ್ಯವನ್ನು ಚಿಮ್ಮಿದಂತೆ ಅಡ್ಡಾದಿಡ್ಡಿಯಾಗಿ ಉತ್ತರಿಸುವನು. ಸಾಲದುದಕ್ಕೆ ಅವರು ತಮ್ಮ ಭಾಷೆಯಲ್ಲಿ ‘ದಾ’ ಅಥವಾ ‘ಯಾ’ ಎನ್ನುವರು. ಯಾವುದು ಹೌದು, ಯಾವುದು ಇಲ್ಲವೆಂಬುದು ಕೇಳುವವನಿಗೆ ತಿಳಿಯದು. ಮೂರು ಪ್ರಶ್ನೆಗಳಲ್ಲಿ ಮೂವರನ್ನೂ ಗುರುತಿಸಬೇಕು. ಭಾಷೆಯು ತಿಳಿಯದಿರುವುದು ಭಯಂಕರವಾಗಿ ಕಾಣುವುದು. ಆದರೆ ‘ಇಂಥದನ್ನು ಕೇಳಿದರೆ ಯಾ ಎನ್ನುವೆಯಾ?’ ಎಂದು ಪ್ರಶ್ನೆಯನ್ನು ಇಮ್ಮಡಿಸಿ ಕೇಳಿದರೆ, ಕೇಳಿದ ಸಂಗತಿಯು ನಿಜವಾದಾಗ ‘ಯಾ’, ಅಲ್ಲದಾಗ ‘ದಾ’ ಎಂಬ ಉತ್ತರವೇ ಬರುವುದು. ಪದದ ಅರ್ಥವೂ, ದೇವತೆಯ ಸತ್ಯಮಿಥ್ಯಾಸ್ವಭಾವವೂ ಎರಡೂ ಒಂದೇ ಏಟಿಗೆ ಕರಗಿಹೋದುವು. ಕರಗದೆ ಉಳಿದವನು ಅಡ್ಡಾದಿಡ್ಡಿಯವನೊಬ್ಬನೇ. ಆದುದರಿಂದಲೇ ಬೂಲೋಸರ ಪರಿಹಾರದಲ್ಲಿ ಮೊದಲನೆಯ ಪ್ರಶ್ನೆಯು ಅವನಲ್ಲದ ಒಬ್ಬನನ್ನು ಗೊತ್ತುಮಾಡಿಕೊಳ್ಳುವುದಕ್ಕೇ ಮೀಸಲಾಗಿದೆ. ಅರಿವಿಗೆ ಶತ್ರುವಾದವನು ಸುಳ್ಳುಗಾರನಲ್ಲ, ಯಾವ ನಿಯಮಕ್ಕೂ ಕಟ್ಟುಬೀಳದವನು ಎಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವು ಬೇಕಿಲ್ಲ.

೬

ಇಷ್ಟಾದರೂ ದ್ವೀಪದ ಸತ್ಯವಾದಿಯನ್ನು ಆಪ್ತನೆಂದು ಕರೆಯಬಹುದೆ? ಇದ್ದದ್ದನ್ನು ಇದ್ದಂತೆ ಹೇಳುವವನು ಆಪ್ತನೆಂಬ ಅನ್ನಂಭಟ್ಟನ ಲಕ್ಷಣವು ಅವನಿಗೆ ಹೊಂದುವುದು. ಆದರೆ ವಾತ್ಸ್ಯಾಯನನ ಲಕ್ಷಣವು ಇನ್ನೂ ಆಳವಾದದ್ದು. ಸಂಗತಿಯನ್ನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಇನ್ನೊಬ್ಬನಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಅವನ ಆಪ್ತನು. ಅಂಥವನು ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಲಕ್ಷಣವು ಒಂದೇ ಎಂದು ಅವನು ಉದಾರವಾಗಿ ಹೇಳಿದ್ದಾನೆ. ದ್ವೀಪದವನಿಗೆ ತಿಳಿಸಬೇಕೆಂಬ ಇಚ್ಛೆಯಿಲ್ಲ. ಇದ್ದಿದ್ದರೆ ದಾರಿ ಕೇಳಿದವನಿಗೆ ಒಗಟಿನಂಥ ಉತ್ತರವನ್ನು ಕೊಡುತ್ತಿರಲಿಲ್ಲ.

ಭಾರತದ ದ್ರೋಣಪರ್ವದಲ್ಲಿ ಧರ್ಮರಾಯನು ಅಶ್ವತ್ಥಾಮನು ಹತನಾದನೆಂದು ಕೇಳಿಸುವಂತೆ ಹೇಳಿ, ಅದು ಆನೆಯೆಂಬುದನ್ನು ಕೇಳಿಸದಂತೆ ನುಡಿದನು. ವಾಕ್ಯವನ್ನು ಪೂರ್ತಿಯಾಗಿ ತೆಗೆದುಕೊಂಡರೆ ಅದರಲ್ಲಿ ಸುಳ್ಳಿಲ್ಲ. ದ್ವೀಪದ ಸತ್ಯವಾದಿಯೂ ಅದನ್ನು ಹಾಗೆಯೇ ಆಡಬಹುದಾಗಿತ್ತು. ಆದರೂ ಅಲ್ಲಿಯವರೆಗೆ ನೆಲವನ್ನು ಮುಟ್ಟದೆ ನಾಲ್ಕಂಗುಲ ಮೇಲೆ ನಡೆಯುತ್ತಿದ್ದ ಅವನ ರಥವು ನೆಲಕ್ಕಿಳಿಯಿತೆಂದು ಮಹಾಕವಿಯು ಹೇಳುತ್ತಾನೆ. ದ್ವೀಪದಲ್ಲಿ ಯಾರ ರಥವೂ ಇಳಿಯುವುದಿಲ್ಲ; ಅಲ್ಲಿ ಸತ್ಯವು ವಾಕ್ಯದ ಧರ್ಮವೇ ಹೊರತು ಮನಸ್ಸಿನ ಧರ್ಮವಲ್ಲ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ, ಮೇರೆಯೆಂದು ತಿಳಿದರೆ ಸಾಕು. ಆ ಮೇರೆಯನ್ನು ಗುರುತಿಸದೆ ಈ ಸಮಸ್ಯೆಗಳಿಂದ ಸತ್ಯವ್ರತವನ್ನು ಕಲಿಸಬಹುದೆಂದು ಉಪಾಧ್ಯಾಯರು ಭಾವಿಸಿದರೆ ಅದು ಮಾತ್ರ ತಪ್ಪಾಗುವುದು.

ಸ್ಮಲ್ಯನ್ನರ ಗ್ರಂಥದ ಪರಮಪ್ರಯೋಜನವು ಇನ್ನೊಂದು ಕಡೆ ಇದೆ. ನಗೆಮಾತುಗಳಿಂದ ತೊಡಗಿದ ಪುಸ್ತಕವು ದ್ವೀಪದ ದಾರಿಯಲ್ಲಿಯೇ ನಡೆಯಿಸಿಕೊಂಡು ಹೋಗಿ ಓದುವವನನ್ನು ಕುರ್ಟ್ ಗೋಡೆಲ್ಲರ ಸಿದ್ಧಾಂತದ ಬಾಗಿಲಿನಲ್ಲಿ ನಿಲ್ಲಿಸುತ್ತದೆ. ಗುಡ್‌ಮನ್ನರ ಒಗಟು ಪತ್ರಿಕೆಯಲ್ಲಿ ಬಂದ ೧೯೩೧ ರಲ್ಲಿಯೇ ಪ್ರಕಟವಾದ ಆ ಸಿದ್ಧಾಂತದ ಸಾರವಿದು: ಅಂಕಗಣಿತವನ್ನು ಒಳಗೊಳ್ಳುವಷ್ಟು ಶಕ್ತಿಯುಳ್ಳ, ವಿರೋಧರಹಿತವಾದ ನಿಯಮಬದ್ಧ ವ್ಯವಸ್ಥೆಯಲ್ಲಿ, ಸಾಧಿಸಲೂ ಆಗದ ಅಲ್ಲಗಳೆಯಲೂ ಆಗದ ವಾಕ್ಯವೊಂದು ಇದ್ದೇ ಇರುವುದು. ‘ನಾನು ಸುಳ್ಳು’ ಎನ್ನುವ ವಾಕ್ಯವು ತೂಗಾಡಿ ನಾಶವಾಗುವುದು. ‘ನನಗೆ ಸಾಧನೆಯಿಲ್ಲ’ ಎನ್ನುವ ವಾಕ್ಯವು ತೂಗಾಡದೆ, ವ್ಯವಸ್ಥೆಯ ಕೈಗೆ ಸಿಕ್ಕದೆ, ನಿಜವಾಗಿ ನಿಲ್ಲುವುದು. ಮಕ್ಕಳ ಒಗಟೆಂದು ತಳ್ಳಿಹಾಕು‌ವ ಪಕ್ಷಕ್ಕೆ ಇಷ್ಟು ಸಾಕು.

ಪಾಠ ಹೇಳುವವರು ಈ ಸಮಸ್ಯೆಗಳನ್ನು ಎತ್ತಿಕೊಂಡಾಗ ನೆನಪಿನಲ್ಲಿಡತಕ್ಕ ಕ್ರಮವು ಇದರಿಂದ ತಾನಾಗಿ ದೊರೆಯುತ್ತದೆ. ನಿಯಮವಾಕ್ಯವನ್ನು ಮೊದಲು ಪೂರ್ತಿಯಾಗಿ ಬರೆದುಕೊಳ್ಳತಕ್ಕದ್ದು. ಅದು ಯಾರ ಮಾತೆಂದು ಕೇಳತಕ್ಕದ್ದು. ಆಮೇಲೆ ಒಂದೊಂದು ಪಕ್ಷವನ್ನು ಆರೋಪಿಸಿ ವಿರೋಧವನ್ನು ಹುಡುಕತಕ್ಕದ್ದು. ಸುಳ್ಳನ್ನು ತಿರುಗಿಸುವಾಗ ಇಲ್ಲವೆನ್ನುವುದಕ್ಕಿಂತ ಹೆಚ್ಚನ್ನು ಹೇಳದಿರತಕ್ಕದ್ದು. ಉಳಿದ ಪಕ್ಷವು ತಾನೇ ನಿಲ್ಲುವುದೆ ಎಂದು ಕೊನೆಗೆ ನೋಡತಕ್ಕದ್ದು. ಇವುಗಳಲ್ಲಿ ಮೊದಲನೆಯ ಎರಡನ್ನು ಬಿಟ್ಟವನೇ ಬರಿದಾದ ಪೆಟ್ಟಿಗೆಯನ್ನು ತೆರೆದ ವರನು.

ಕನ್ನಡದ ಮಕ್ಕಳು ತೊದಲುವ ವಯಸ್ಸಿನಲ್ಲಿಯೇ ಕೇಳುವ ಪುಣ್ಯಕೋಟಿಯ ಕಥೆಯಲ್ಲಿ, ಕರುವಿಗೆ ಹಾಲೂಡಿಸಿ ಬರುವೆನೆಂದು ಹಸುವು ಹೇಳಿದಾಗ ಹುಲಿಯ ಮುಂದೆ ಯಾವ ನಿಯಮವಾಕ್ಯವೂ ಇರಲಿಲ್ಲ. ಹಸುಗಳೆಲ್ಲ ಸತ್ಯವಾದಿಗಳೆಂದು ಹೊರಗೆ ನಿಂತು ಹೇಳಿದವರು ಯಾರೂ ಇಲ್ಲ. ಹುಲಿಯು ಮಾತನ್ನು ನಂಬಿ ಕಾದಿತು, ಹಸುವು ಬಂದಿತು. ಲೋಕವ್ಯವಹಾರವೆಲ್ಲವೂ ಆ ಹುಲಿಯ ಸ್ಥಿತಿಯಲ್ಲಿಯೇ ನಡೆಯುವುದು. ನಿಯಮವು ಗೊತ್ತಿರುವ ಕಡೆ ಹೇಗೆ ವಿಚಾರಿಸಬೇಕೆಂಬುದನ್ನು ದ್ವೀಪದ ಸಮಸ್ಯೆಗಳು ಕಲಿಸುತ್ತವೆ; ಅದು ಗೊತ್ತಿಲ್ಲದ ಕಡೆ ಗೊತ್ತಿದೆಯೆಂದು ಭಾವಿಸಬಾರದೆಂಬುದನ್ನು ಪೋರ್ಷಿಯಳ ಪೆಟ್ಟಿಗೆಯು ಕಲಿಸುತ್ತದೆ. ಅದಕ್ಕೂ ಆಚೆಗೆ ಯಾರ ಮಾತನ್ನು ನಂಬಿ ಕಾಯಬೇಕೆಂಬ ಪ್ರಶ್ನೆಯು ತರ್ಕದ ಅಧಿಕಾರದಲ್ಲಿ ಇಲ್ಲ.